ಜ್ವರವಿಲ್ಲದ ಸಾವುಗಳು

ಬೆಂಗಳೂರು
12 ಫೆಬ್ರವರಿ 1979

ಶ್ರೀ ನಿಜಾಮುದ್ದೀನ್, ಆರೋಗ್ಯ ಕಾರ್ಯಕರ್ತರು, ನರಸಿಂಹರಾಜಪುರ ತಾಲ್ಲೂಕು, ಇವರಿಗೆ

ಸಾವಿನ ಕಾರಣಗಳ ಸಮೀಕ್ಷೆಗಾಗಿ 1978ನೇ ಸಾಲಿನಲ್ಲಿ ತಾವು ಕಳುಹಿಸಿದ ಐವತ್ತೆಂಟು ನಮೂನೆಗಳು ಈ ಕಚೇರಿಗೆ ತಲುಪಿವೆ. ಅವುಗಳಲ್ಲಿ ನಲವತ್ತೊಂದರಲ್ಲಿ, ಕಾರಣ ಬರೆಯಬೇಕಾದ ಜಾಗದಲ್ಲಿ "ಜ್ವರವಿಲ್ಲ" ಎಂದಷ್ಟೇ ಬರೆದಿದ್ದೀರಿ. ಅದರಲ್ಲೂ ಇಪ್ಪತ್ತಾರಕ್ಕೆ ಪಕ್ಕದಲ್ಲಿ "ಮುಪ್ಪು" ಎಂದು ಸೇರಿಸಿದ್ದೀರಿ.

ಜ್ವರ ಇಲ್ಲದಿರುವುದು ಯಾರ ಸಾವಿಗೂ ಕಾರಣವಾಗುವುದಿಲ್ಲ. ನಲವತ್ತನಾಲ್ಕು ವರ್ಷದ ಗಾಡಿ ಹೊಡೆಯುವವರೊಬ್ಬರಿಗೂ ಮುಪ್ಪು ಎಂದು ಬರೆದಿರುವುದನ್ನು ಮೇಲಧಿಕಾರಿಗಳು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಾರೆ. ನಲವತ್ತೊಂದು ನಮೂನೆಗಳನ್ನೂ ಹಿಂದಿರುಗಿಸಿದೆ. ಆ ಮನೆಗಳಿಗೆ ಮತ್ತೊಮ್ಮೆ ಹೋಗಿ, ವಿಚಾರಿಸಿ, ಸರಿಯಾದ ಕಾರಣ ತುಂಬಿ ಕಳುಹಿಸತಕ್ಕದ್ದು.

ಎಸ್. ಗಂಗಾಂಬಿಕೆ
ಅಂಕಿಅಂಶ ಸಹಾಯಕಿ


ನರಸಿಂಹರಾಜಪುರ
26 ಫೆಬ್ರವರಿ 1979

ಗಂಗಾಂಬಿಕೆ ಮೇಡಂ ಅವರಿಗೆ ನಿಜಾಮುದ್ದೀನನ ನಮಸ್ಕಾರಗಳು.

ಕಟ್ಟು ತಲುಪಿತು. ನಾನು ಕಳಿಸಿದ್ದಕ್ಕಿಂತ ವಾಪಸು ಬಂದದ್ದೇ ಭಾರವಾಗಿದೆ, ಕೆಂಪು ಶಾಯಿಯ ತೂಕ ಇರಬೇಕು.

ಒಂದು ಮಾತು ಕೇಳಿ ಮೇಡಂ, ಸಿಟ್ಟು ಮಾಡಿಕೊಳ್ಳಬೇಡಿ. ನಾನು ಮಲೇರಿಯಾ ಇಲಾಖೆಯಿಂದ ಬಂದವನು. 1962ರಿಂದ ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ? ಬಂದಿದ್ದರೆ ಬೆರಳು ಚುಚ್ಚಿ, ಗಾಜಿನ ಮೇಲೆ ಒಂದು ಹನಿ ರಕ್ತ, ಕೈಗೆ ನಾಲ್ಕು ಮಾತ್ರೆ. ಬಂದಿಲ್ಲದಿದ್ದರೆ ಗೋಡೆಯ ಮೇಲೆ ತಾರೀಖು ಬರೆದು ಸಹಿ ಹಾಕಿ ಮುಂದಿನ ಮನೆ. ದಿನಕ್ಕೆ ಎಪ್ಪತ್ತು ಮನೆ ಮುಗಿಯಬೇಕು. ಮಕ್ಕಳು ದೂರದಿಂದಲೇ "ಜ್ವರದ ಸಾಬ್ರು ಬಂದ್ರು" ಎಂದು ಕೂಗಿ ಹಿತ್ತಿಲಿಗೆ ಓಡುತ್ತಾರೆ. 1967ರಲ್ಲಿ ಸಾವಿನ ನಮೂನೆಯನ್ನೂ ನಮ್ಮ ಚೀಲಕ್ಕೆ ಹಾಕಿದರು. ಏನು ಕೇಳಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಗೊತ್ತಿದ್ದ ಒಂದೇ ಪ್ರಶ್ನೆಯನ್ನು ಸತ್ತವರ ಮನೆಯಲ್ಲೂ ಕೇಳಿದೆ.

ಮುಪ್ಪು ಎನ್ನುವುದು ನನ್ನ ಮಾತಲ್ಲ, ಮನೆಯವರದು. ಎಂತಾಗಿತ್ತು ಎಂದರೆ "ಎಂತ ಇಲ್ಲ ಸಾಬ್ರೆ, ಕಾಲ ಬಂತು, ಹೋದ್ರು" ಎನ್ನುತ್ತಾರೆ. ಕಾಲ ಬಂತು ಎನ್ನುವುದಕ್ಕೆ ನಿಮ್ಮ ನಮೂನೆಯಲ್ಲಿ ಮನೆ ಮಾಡಿಲ್ಲ. ಅದಕ್ಕೆ ಹತ್ತಿರದ್ದು ಮುಪ್ಪು, ಹಾಕಿದೆ.

ಕೇಳಬೇಕಾದ ಪ್ರಶ್ನೆಗಳು ನಿಮಗೆ ಗೊತ್ತಿದ್ದರೆ ಬರೆದು ಕಳಿಸಿ. ಕೇಳುವುದಕ್ಕೆ ನನಗೆ ಬೇಸರವಿಲ್ಲ, ಕಾಲಿನಲ್ಲಿ ಇನ್ನೂ ಶಕ್ತಿ ಇದೆ.

ನಿಜಾಮುದ್ದೀನ್


ಬೆಂಗಳೂರು
14 ಮಾರ್ಚ್ 1979

ಶ್ರೀ ನಿಜಾಮುದ್ದೀನ್ ಅವರಿಗೆ

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ನಮ್ಮ ಕಚೇರಿಯ ವೈದ್ಯರನ್ನು ಕೂರಿಸಿಕೊಂಡು ಪ್ರಶ್ನೆಗಳನ್ನು ಬರೆಸಿದ್ದೇನೆ, ಲಗತ್ತಿಸಿದೆ. ಸಾವಿಗೆ ಮುಂಚೆ ಒಂದು ಕೈ, ಒಂದು ಕಾಲು, ಬಾಯಿಯ ಒಂದು ಕಡೆ ಬಿದ್ದುಹೋಗಿತ್ತೇ? ಎದೆ ಹಿಂಡುವ ನೋವು ಬಂದಿತ್ತೇ, ಬಂದಿದ್ದರೆ ಎಲ್ಲಿಗೆ ಹರಿಯಿತು? ನಾಲ್ಕು ಮೆಟ್ಟಿಲಿಗೆ ಏದುಸಿರು ಬರುತ್ತಿತ್ತೇ? ಪದೇಪದೇ ಬಾಯಾರಿಕೆ, ಪದೇಪದೇ ಉಚ್ಚೆ, ಮಾಯದ ಗಾಯ? ಎಲೆಯಡಿಕೆ ಒತ್ತರಿಸುವ ಕೆನ್ನೆಯಲ್ಲಿ ಹುಣ್ಣು? ಹೀಗೆ ಇಪ್ಪತ್ತೆರಡು ಇವೆ.

ನೀವು 1967ರಿಂದ ಕಳುಹಿಸಿದ ಅಷ್ಟೂ ನಮೂನೆಗಳನ್ನು ಕಪಾಟಿನಿಂದ ತೆಗೆದು ಜೋಡಿಸಿದೆ. ಮೊದಲ ವರ್ಷ ನಿಮ್ಮ ಹಳ್ಳಿಗಳಲ್ಲಿ ನೂರು ಸಾವಿಗೆ ಅರವತ್ತು ಜ್ವರದವು. ಹೋದ ವರ್ಷ ಇಪ್ಪತ್ತೊಂಬತ್ತು. ಉಳಿದ ಎಪ್ಪತ್ತೊಂದು ಮಂದಿ ಏನಾಗಿ ಸತ್ತರು ಎಂಬುದೇ ಪ್ರಶ್ನೆ. ಅವರಲ್ಲಿ ಹಾವು ಕಚ್ಚಿದವರು, ಮರದಿಂದ ಬಿದ್ದವರು, ಬಾಣಂತಿಯರು ಕೆಲವರು ಇರಬಹುದು. ಎಲ್ಲರೂ ಅಲ್ಲ. ಎದೆನೋವು, ಲಕ್ವ, ಸಕ್ಕರೆ ಕಾಯಿಲೆ, ಇಂಥ ಅಂಟಿಕೊಳ್ಳದ ರೋಗಗಳು ದೇಶದಲ್ಲಿ ಏರುತ್ತಿವೆ ಎಂದು ಮೇಲಿನವರು ಊಹಿಸುತ್ತಾರೆ. ಊಹೆಗೆ ಆಧಾರ ಬೇಕಾದರೆ ನಿಮ್ಮಂಥವರ ನಮೂನೆಗಳೇ ಬೇಕು. ಎಲ್ಲರೂ ಮುಪ್ಪು ಎಂದು ಬರೆದರೆ ದೇಶಕ್ಕೆ ತನ್ನ ಕಾಯಿಲೆ ಗೊತ್ತಾಗುವುದೇ ಇಲ್ಲ.

ಇನ್ನು ಕೆಳಗಿನದು ಕಚೇರಿಯ ಮಾತಲ್ಲ.

1971ರ ಕಟ್ಟಿನಲ್ಲಿ ಒಂದು ನಮೂನೆ ಸಿಕ್ಕಿತು. ಊರು ಸಂಕದಗದ್ದೆ. ಹೆಸರು ಶಿವಶಂಕರಪ್ಪ, ವಯಸ್ಸು ಐವತ್ತೊಂದು. ಜ್ವರವಿಲ್ಲ, ಮುಪ್ಪು. ಸಹಿ ನಿಮ್ಮದು. ಅವರು ನನ್ನ ತಂದೆ. ಬಾಳೆಹೊನ್ನೂರು ದಾರಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು, ನಿಮಗೆ ನೆನಪಿರಬಹುದು. ನಾನಾಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದೆ. ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಆ ಮಧ್ಯಾಹ್ನ ಅವ್ವ ಅವರಿಗೆ ಹಲಸಿನ ತೊಳೆ ಕೊಟ್ಟಿದ್ದರು. ಸಾಕು ಎಂದವರಿಗೆ ಬಲವಂತ ಮಾಡಿ ಇನ್ನೊಂದು ತಟ್ಟೆ ಹಾಕಿದರಂತೆ. ಸಂಜೆಗೆ ಅಪ್ಪ ಇಲ್ಲ. ಹಲಸು ಎದೆಗೆ ಏರಿತು ಎಂದು ಸೇರಿದವರೆಲ್ಲ ಹೇಳಿದರು. ಎಂಟು ವರ್ಷದಿಂದ ಅವ್ವ "ನಾನೇ ಕೊಂದೆ" ಎಂದುಕೊಂಡೇ ಬದುಕಿದ್ದಾರೆ. ಬಾಯಿಬಿಟ್ಟು ಹೇಳಿದ್ದು ಎರಡೇ ಸಲ, ಆದರೆ ಅವರ ಅನ್ನದ ತಟ್ಟೆ ನೋಡಿದರೆ ತಿಳಿಯುತ್ತದೆ. ನಾನು ಎಷ್ಟು ಹೇಳಿದರೂ "ನೀನು ಅಲ್ಲಿರಲಿಲ್ಲವಲ್ಲ" ಎನ್ನುತ್ತಾರೆ. ನೀವು ಹೋಗಿ, ಈ ಪ್ರಶ್ನೆಗಳನ್ನು ಕೇಳಿ, ಏನಾಗಿತ್ತು ಎಂದು ಹೇಳಿದರೆ ನಂಬುತ್ತಾರೆ. ಅವರ ಪಾಲಿಗೆ ಕಾಯಿಲೆಯ ವಿಷಯದಲ್ಲಿ ಸರ್ಕಾರ ಎಂದರೆ ಗೋಡೆಯ ಮೇಲೆ ಬರೆಯುವ ನೀವೇ.

ದಯವಿಟ್ಟು ಹೋಗಿ ಬನ್ನಿ.

ಗಂಗಾಂಬಿಕೆ


ನರಸಿಂಹರಾಜಪುರ
2 ಮೇ 1979

ಗಂಗಾಂಬಿಕೆ ಮೇಡಂ ಅವರಿಗೆ ನಮಸ್ಕಾರ.

ಮೂವತ್ತಮೂರು ನಮೂನೆ ಮುಗಿದವು, ಇದರ ಜೊತೆ ಕಳಿಸಿದ್ದೇನೆ. ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಹದಿನೇಳು ವರ್ಷ ಇದೇ ಮನೆಗಳ ಜಗಲಿ ತುಳಿದಿದ್ದೇನೆ. ಒಳಗೆ ಕೂತು ಮಾತಾಡಿದ್ದು ಈಗಲೇ.

ಕೆಂಪು ಶಾಯಿ ಬಿದ್ದಿತ್ತಲ್ಲ, ಆ ಗಾಡಿಯವರ ಹೆಂಡತಿ ರಾಧಮ್ಮ. ಸತ್ತವರ ಮನೆಗೆ ಮತ್ತೆ ಹೋಗಿ ಗಾಯ ಕೆದಕಿದರೆ ಪೊರಕೆ ತಗೊಳ್ಳುತ್ತಾರೆ ಎಂದು ಹೆದರಿಕೊಂಡೇ ಹೋದೆ. ಮೊದಲ ಪ್ರಶ್ನೆ ಕೇಳಿದ್ದೇ ತಡ, ಮಣೆ ಹಾಕಿದರು. ಕತ್ತಿನ ಹಿಂದೆ ನೋವು ಎನ್ನುತ್ತಿದ್ದದ್ದು, ಎತ್ತು ಕಟ್ಟುವಾಗ ಬಲಗೈ ಹಗ್ಗ ಹಿಡಿಯದೆ ಹೋದದ್ದು, ಮಾತು ತೊದಲಿದ್ದು, ಮೂರನೇ ದಿನ ಹೋದದ್ದು, ಒಂದನ್ನೂ ಬಿಡದೆ ಹೇಳಿದರು. ಎರಡು ಗಂಟೆ ಹಿಡಿಯಿತು. ಕೊನೆಗೆ "ತಿಥಿ ಊಟ ಉಂಡು ಎಲ್ಲ ಹೋದ್ರು ಸಾಬ್ರೆ, ಅವರಿಗೆ ಎಂತಾಗಿತ್ತು ಅಂತ ಒಬ್ರೂ ಕೇಳಿರ್ಲಿಲ್ಲ" ಎಂದರು. ನನಗೆ ಕಡುಬು ಬಡಿಸಿ, ನಾನು ಉಣ್ಣುವುದನ್ನೇ ನೋಡುತ್ತಾ ಕೂತರು. ನಮ್ಮ ಡಾಕ್ಟರು ನಮೂನೆ ನೋಡಿ ಲಕ್ವ, ರಕ್ತದ ಒತ್ತಡ ಎಂದರು. ಮುಪ್ಪು ಅಳಿಸಿದ್ದೇನೆ.

ಎಲ್ಲ ಮನೆಯಲ್ಲೂ ಹೀಗೆಯೇ. ಕೇಳುವವರು ಬಂದರಲ್ಲ ಎಂದು ನನಗೆ ಕೈ ಮುಗಿಯುತ್ತಾರೆ. ಆ ಕೈ ನಿಮಗೆ ಸಲ್ಲಬೇಕು, ನಾನು ಪೋಸ್ಟ್‌ಮ್ಯಾನ್ ಅಷ್ಟೆ.

ನಿಮ್ಮ ಇನ್ನೊಂದು ಮಾತನ್ನೂ ಓದಿದೆ. ತಂದೆಯವರನ್ನು ಬಲ್ಲೆ, ಒಳ್ಳೆಯ ಮನುಷ್ಯರು. ಸಂಕದಗದ್ದೆಗೆ ಹೋಗಲು ಹಳ್ಳ ದಾಟುವ ಮರದ ಸಂಕ ಮುರಿದಿದೆ. ಕಟ್ಟಿದ ಮೇಲೆ ಹೋಗುತ್ತೇನೆ.

ನಿಜಾಮುದ್ದೀನ್


ಬೆಂಗಳೂರು
24 ಮೇ 1979

ನಿಜಾಮಣ್ಣನವರಿಗೆ

ಮೇಡಂ ಎನ್ನುವುದನ್ನು ಬಿಡಿ, ನಾನು ನಿಮ್ಮ ಕಡೆಯ ಹುಡುಗಿ. ರಾಧಮ್ಮನ ನಮೂನೆಯನ್ನು ಮೇಲಧಿಕಾರಿಗಳಿಗೆ ಓದಿ ತೋರಿಸಿದೆ. ಈ ಕಾರ್ಯಕರ್ತರನ್ನು ಯಾರು ತರಬೇತು ಮಾಡಿದರು ಎಂದು ಕೇಳಿದರು. ರಾಧಮ್ಮ ಎಂದೆ.

ಆದರೆ ಒಂದು ವಿಷಯ. ಹೋದ ವಾರ ಊರಿಗೆ ಹೋಗಿದ್ದೆ. ಸಂಕ ಮುರಿದಿಲ್ಲ, ಅದರ ಮೇಲೇ ನಡೆದು ಹೋದೆ.

ನೀವು ಯಾಕೆ ಹಿಂಜರಿಯುತ್ತೀರಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಲಿಂಗ ಕಟ್ಟುವವರ ಮನೆ, ಗಂಡ ಇಲ್ಲದ ಹೆಂಗಸು, ಒಳಗೆ ಕರೆದು ಕೂರಿಸುತ್ತಾರೋ ಇಲ್ಲವೋ ಎಂಬ ಸಂಕೋಚ ಇರಬಹುದು. ಅವ್ವ ಹಾಗಲ್ಲ. ಅಪ್ಪ ಹೋದಾಗ ಪೇಟೆಯ ಸಾಬರ ಅಂಗಡಿಗಳವರೇ ಮೊದಲು ಬಂದು ಚಪ್ಪರಕ್ಕೆ ಕೈ ಹಾಕಿದ್ದು ಎಂದು ಈಗಲೂ ನೆನೆಯುತ್ತಾರೆ. ನೀವು ಧೈರ್ಯವಾಗಿ ಹೋಗಬಹುದು.

ಹಲಸಿನ ಕಾಲ. ನಾನಿದ್ದ ನಾಲ್ಕು ದಿನವೂ ಅವ್ವ ಹಿತ್ತಿಲ ಕಡೆ ತಲೆ ಹಾಕಲಿಲ್ಲ. ಕಾಯಿ ಬಿದ್ದ ಸದ್ದು ಕೇಳಿದರೆ ಕೈಲಿದ್ದ ಕೆಲಸ ನಿಲ್ಲಿಸಿ ಸುಮ್ಮನೆ ನಿಲ್ಲುತ್ತಾರೆ. ನೋಡಲಾಗಲಿಲ್ಲ.

ಗಂಗಾಂಬಿಕೆ


ನರಸಿಂಹರಾಜಪುರ
30 ಆಗಸ್ಟ್ 1979

ತಂಗಿ ಗಂಗಮ್ಮನಿಗೆ ಆಶೀರ್ವಾದ.

ಈ ಮಳೆಗೆ ಎರಡು ತಿಂಗಳು ಬಸ್ಸು ಅರ್ಧ ದಿನ ಓಡಿದರೆ ಒಂದೂವರೆ ದಿನ ನಿಲ್ಲುತ್ತಿತ್ತು. ಕಾಡಂಚಿನ ಊರುಗಳ ಕಡೆಯಂತೂ ಕೇಳುವುದೇ ಬೇಡ. ಆದರೂ ಉಳಿದ ಎಂಟು ನಮೂನೆಗಳನ್ನು ಮುಗಿಸಿದೆ.

ವರ್ಷವರ್ಷದ ಸಾವುಗಳಿಗೆ ಗೆರೆ ಎಳೆದು ನೀನು ಕಳಿಸಿದ ಪಟ್ಟಿಯನ್ನು ನಮ್ಮ ಡಾಕ್ಟರು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದಾರೆ. ಜ್ವರದ ಗೆರೆ ಇಳಿಯುತ್ತದೆ, ಇನ್ನೊಂದು ಗೆರೆ ಏರುತ್ತದೆ. ನನಗೆ ಮೊದಲು ಬೇಜಾರಾಯಿತು. ಇಷ್ಟು ವರ್ಷ ಸೊಳ್ಳೆಗೆ ಮದ್ದು ಹೊಡೆಸಿ, ಮಾತ್ರೆ ಕೊಟ್ಟು, ಜನ ಬೇರೆ ದಾರಿಯಲ್ಲಿ ಸಾಯುವುದಾದರೆ ಏನು ಬಂತು ಎಂದೆ. ಡಾಕ್ಟರು ನಕ್ಕು, "ಇಪ್ಪತ್ತರಲ್ಲಿ ಜ್ವರಕ್ಕೆ ಹೋಗಬೇಕಾದವರು ಐವತ್ತರವರೆಗೆ ಬಾಳಿದರಲ್ಲ ನಿಜಾಮ್, ಆ ಮೂವತ್ತು ವರ್ಷ ಯಾರ ಲೆಕ್ಕಕ್ಕೆ? ಈಗ ಐವತ್ತನ್ನು ಎಪ್ಪತ್ತು ಮಾಡೋಣ" ಎಂದರು. ಅಂದಿನಿಂದ ಆ ಏರುವ ಗೆರೆಯ ಮೇಲೆ ನನಗೆ ಸಿಟ್ಟಿಲ್ಲ.

ಡಾಕ್ಟರು ನಲವತ್ತು ದಾಟಿದವರ ತೋಳಿಗೆಲ್ಲ ಪಟ್ಟಿ ಸುತ್ತಿ ಒತ್ತಡ ನೋಡುತ್ತಾರೆ. ಮೊದಲು ಸಿಕ್ಕಿಬಿದ್ದವನು ನಾನೇ. ನನ್ನ ಮನೆಯವಳು ಶಕೀಲಾ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೆ ಏರಿಸಿ ಏಣಿ ತೆಗೆದಿಟ್ಟಿದ್ದಾಳೆ. ಹದಿನೇಳು ವರ್ಷ ಊರವರಿಗೆ ಮಾತ್ರೆ ಕೊಟ್ಟವನು ಈಗ ದಿನಾ ಅವಳ ಕೈಯಿಂದ ಮಾತ್ರೆ ತಗೊಳ್ಳುತ್ತೇನೆ. ನಿನ್ನ ಪ್ರಶ್ನೆಗಳು ಬರದಿದ್ದರೆ ನನ್ನ ಒತ್ತಡವೂ ಗೊತ್ತಾಗುತ್ತಿರಲಿಲ್ಲ. ನಿನ್ನ ಹೆಸರು ಹೇಳಿ ದುವಾ ಮಾಡುತ್ತಾಳೆ.

ನಿಮ್ಮ ಮನೆಯ ವಿಷಯ. ಸಂಕೋಚ ನೀನು ಅಂದುಕೊಂಡ ಹಾಗಲ್ಲ. ದೀಪಾವಳಿಯೊಳಗೆ ಹೋಗುತ್ತೇನೆ, ಮಾತು ಕೊಟ್ಟಿದ್ದೇನೆ.

ನಿಜಾಮುದ್ದೀನ್


ಬೆಂಗಳೂರು
29 ಅಕ್ಟೋಬರ್ 1979
(ಪೋಸ್ಟ್ ಕಾರ್ಡು)

ನಿಜಾಮಣ್ಣ, ದೀಪಾವಳಿ ಮುಗಿಯಿತು.

ಗಂಗಾ


ನರಸಿಂಹರಾಜಪುರ
25 ನವೆಂಬರ್ 1979

ತಂಗಿ ಗಂಗಮ್ಮನಿಗೆ

ಹೋಗಿ ಬಂದೆ. ನಮೂನೆ ಇದರೊಳಗಿದೆ.

ನಿಮ್ಮ ತಾಯಿ ಪ್ರೇಮಕ್ಕನವರು ಅಂಗಡಿಯ ಬಾಗಿಲಲ್ಲೇ ಅಕ್ಕಿ ಆರಿಸುತ್ತಿದ್ದರು. ಇಪ್ಪತ್ತೆರಡು ಪ್ರಶ್ನೆಗೂ ಕೂತು ಉತ್ತರ ಕೊಟ್ಟರು. ಆ ಸಂಜೆ ಮೈಯೆಲ್ಲ ತಣ್ಣನೆ ಬೆವರು, ಮುಖ ಬಿಳಿಚಿಕೊಂಡದ್ದು, ಅಂಗೈಯಲ್ಲಿ ಎದೆ ಒತ್ತಿ ಹಿಡಿದದ್ದು, ಅರ್ಧ ಗಂಟೆಯಲ್ಲಿ ಮುಗಿದದ್ದು. ಕೊನೆಗೆ ಹಲಸಿನ ಮಾತನ್ನೂ ಅವರೇ ತೆಗೆದರು. ಡಾಕ್ಟರನ್ನು ಕೇಳಿಕೊಂಡೇ ಹೋಗಿದ್ದೆ. ಹೇಳಿದೆ: "ಅಕ್ಕಾ, ಇದು ಹೊಟ್ಟೆಯದ್ದಲ್ಲ, ಹೃದಯದ್ದು. ಹೃದಯಕ್ಕೆ ರಕ್ತ ಹೋಗುವ ನಾಳ ಕಟ್ಟಿತ್ತು. ಅವತ್ತು ಗಂಜಿ ಕುಡಿದಿದ್ರೂ ಹೀಗೇ ಆಗ್ತಿತ್ತು." ಅವರು ಮೊರವನ್ನು ಪಕ್ಕಕ್ಕೆ ಇಟ್ಟರು. ಆಮೇಲೆ "ಬರ್ಕೊಂಡ್ರಾ?" ಎಂದರು. ಬರೆದೆ ಎಂದೆ. "ಅಳ್ಸಕ್ಕಾಗದಂಗೆ ಬರೀರಿ" ಎಂದರು.

ನನ್ನಿಂದ ಆದದ್ದು ಇಷ್ಟು. ದೇವರು ಅವರನ್ನು ಚೆನ್ನಾಗಿ ಇಟ್ಟಿರಲಿ.

ನಿಜಾಮುದ್ದೀನ್


ಬೆಂಗಳೂರು
20 ಜನವರಿ 1980

ನಿಜಾಮಣ್ಣನವರಿಗೆ

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ನೆರೆಮನೆಯ ವೀರಮ್ಮನಿಗೆ ಅವ್ವ ನನ್ನೆದುರೇ "ಹಲಸಿಂದಲ್ಲವಂತೆ, ಸರ್ಕಾರದ ಕಾಗದದಲ್ಲೇ ಬರ್ದಿದೆ" ಎಂದರು. ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಬೇಕೆಂದೇ ಬೇರೆ ಕಡೆ ನೋಡುತ್ತಾ ಕೂತಿದ್ದೆ. ಕಚೇರಿಯ ಪಟ್ಟಿಯಲ್ಲೂ 1971ರ ಮುಪ್ಪಿನ ಮನೆಯಿಂದ ಒಂದನ್ನು ತೆಗೆದು ಹೃದಯದ ಮನೆಗೆ ಸೇರಿಸಿದೆ. ನನ್ನ ಕೈಯಾರೆ.

ಆದರೆ ಒಂದು ಕೇಳಬೇಕು. ನಮೂನೆಯ ನಕಲನ್ನು ಅವ್ವನಿಗೆ ಓದಿ ಹೇಳಿದೆ. ಏಳನೇ ಪ್ರಶ್ನೆಗೆ "ನೋವು ಎಡಗೈ ಕಿರುಬೆರಳಿನವರೆಗೆ, ಮೂರು ದಿನ ಮೊದಲಿನಿಂದ" ಎಂದು ಬರೆದಿದ್ದೀರಿ. ಅವ್ವ ತಡೆದರು. "ಇದು ನಾನು ಹೇಳಿದ್ದಲ್ಲ. ಮೂರು ದಿನದ ನೋವು ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ಅಲ್ಲಿಂದ ಅವ್ವನಿಗೆ ಹೊಸ ಕೊರಗು ಶುರುವಾಯಿತು. ಮೂರು ದಿನ ನೋವು ನುಂಗಿಕೊಂಡು ಪಕ್ಕದಲ್ಲೇ ಇದ್ದವರು ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಒಂದು ಸಲ. ಸಾಬರು ನನ್ನ ಸಮಾಧಾನಕ್ಕೆ ಸೇರಿಸಿ ಬರೆದರೋ ಏನೋ ಎಂದು ಇನ್ನೊಂದು ಸಲ.

ನೀವು ಸೇರಿಸಿ ಬರೆದದ್ದಾದರೆ ನನಗೆ ಹೇಳಿಬಿಡಿ, ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲದಿದ್ದರೆ ಯಾರು ಹೇಳಿದರು ಎಂದು ತಿಳಿಸಿ. ಆ ಒಂದು ಸಾಲು ಸುಳ್ಳು ಎನ್ನಿಸಿದರೆ ಅವ್ವನಿಗೆ ಇಡೀ ಕಾಗದ ಸುಳ್ಳಾಗುತ್ತದೆ. ಮತ್ತೆ ಹಲಸಿನ ಹತ್ತಿರವೇ ಬಂದು ನಿಲ್ಲುತ್ತಾರೆ.

ಗಂಗಾ


ಬೆಂಗಳೂರು
11 ಆಗಸ್ಟ್ 1980

ನಿಜಾಮಣ್ಣನವರಿಗೆ

ಜನವರಿಯ ಪತ್ರಕ್ಕೆ ಉತ್ತರವಿಲ್ಲ, ಏಪ್ರಿಲ್ ಕಾರ್ಡಿಗೂ ಇಲ್ಲ. ಪ್ರತಿ ತಿಂಗಳು ನಿಮ್ಮ ಸಹಿ ಹೊತ್ತ ನಮೂನೆಗಳು ಬರುತ್ತಿವೆ, ಆದ್ದರಿಂದ ಕ್ಷೇಮವಾಗಿದ್ದೀರಿ ಎಂದು ತಿಳಿದಿದ್ದೇನೆ. ನಾನು ಏನಾದರೂ ಹೆಚ್ಚು ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವ್ವ ಮತ್ತೆ ಒಂದೇ ತುತ್ತಿಗೆ ಕೈ ತೊಳೆಯುತ್ತಿದ್ದಾರೆ ಎಂದು ವೀರಮ್ಮ ಬರೆಸಿದ್ದಾರೆ.

ಗಂಗಾ


ನರಸಿಂಹರಾಜಪುರ
3 ನವೆಂಬರ್ 1980

ಗಂಗಮ್ಮ,

ಈ ಕಾಗದ ಓದಿದ ಮೇಲೆ ನನ್ನನ್ನು ಅಣ್ಣ ಎನ್ನುವುದೂ ಬಿಡುವುದೂ ನಿನ್ನ ಇಷ್ಟ.

ಸೆಪ್ಟೆಂಬರ್ ಕೊನೆಯಲ್ಲಿ ಸಾಮಿಲ್ಲಿನ ಹತ್ತಿರ ಸರದಿಯ ಮೇಲೆ ಹೋಗಿದ್ದೆ. ಅಲ್ಲಿ ಮರ ಕೊಯ್ಯುವ ತಿಮ್ಮಪ್ಪ ದಿಮ್ಮಿಯ ಮೇಲೆ ಕೂತಿದ್ದ. ಅಭ್ಯಾಸಬಲದಿಂದ ಜ್ವರ ಇದೆಯಾ ಎಂದೆ. "ಜ್ವರ ಎಂತ ಇಲ್ಲ ಮಾರಾಯ್ರೆ, ನಿನ್ನೆಯಿಂದ ಎದೆ ಹಿಂಡ್ತದೆ, ಈ ಎಡಗೈ ಜೋಮು" ಎಂದ. ದಿಮ್ಮಿ ಹೊತ್ತಿದ್ದ ಲಾರಿಯವನ ಕೈಕಾಲು ಹಿಡಿದು, ತಿಮ್ಮಪ್ಪನನ್ನು ಮುಂದೆ ಮಲಗಿಸಿಕೊಂಡು, ನಾನೇ ಜೊತೆಗೆ ಕೂತು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದೆ. ಮೂರು ವಾರಕ್ಕೆ ನಡೆದುಕೊಂಡು ಮನೆಗೆ ಬಂದ. ಹೋದ ಶುಕ್ರವಾರ ಅವನ ಹೆಂಡತಿ ನಮ್ಮ ಮನೆಗೆ ಬಂದು, ನಿಮ್ಮಿಂದ ನನ್ನ ತಾಳಿ ಉಳಿಯಿತು ಎಂದು ಕಾಲಿಗೆ ಬಿದ್ದಳು. ಶಕೀಲಾ ಅವಳನ್ನು ಎತ್ತಿ ಕೂರಿಸಿದಳು. ನಾನು ಎದ್ದು ಹಿತ್ತಿಲಿಗೆ ಹೋದೆ. ಅವಳ ಉಪಕಾರದ ಮಾತು ಕೇಳುವ ಯೋಗ್ಯತೆ ನನಗಿರಲಿಲ್ಲ.

ಯಾಕೆಂದರೆ ತಿಮ್ಮಪ್ಪ ಹೇಳಿದ ಮಾತನ್ನೇ ನಿನ್ನ ತಂದೆಯೂ ನನಗೆ ಹೇಳಿದ್ದರು.

1971ರ ಮೇ ತಿಂಗಳು. ನನ್ನ ಸರದಿಯ ದಿನ. ಶಿವಶಂಕರಪ್ಪನವರು ಅಂಗಡಿಯಲ್ಲಿ ಕೂತಿದ್ದರು. ಯಾರಿಗಾದರೂ ಜ್ವರ ಎಂದೆ. "ಜ್ವರ ಇಲ್ಲ ಸಾಬ್ರೆ. ನಂಗೇ ಇವತ್ತು ಬೆಳಗ್ಗೆಯಿಂದ ಎದೆ ಹಿಂಡಿದಂಗೆ ಆಗ್ತದೆ. ಎಡಗೈ ಕಿರುಬೆರಳ ತನಕ ಜೋಮು. ಒಳಗೆ ಹೇಳ್ಬೇಡಿ, ಅವಳು ಹೆದರ್ತಾಳೆ" ಎಂದರು. ನಾನು ಏನೆಂದೆ ಗೊತ್ತೇ? "ಜ್ವರ ಇಲ್ಲವಲ್ಲ, ಆರಾಮಿದೀರಿ ಬಿಡಿ" ಎಂದೆ. ಗೋಡೆಯ ಮೇಲೆ ತಾರೀಖು ಬರೆದು ಎದ್ದೆ. ಮರುದಿನ ಡಾಕ್ಟರು ಬಾಳೆಹೊನ್ನೂರಿಗೆ ಬರುವ ದಿನವಾಗಿತ್ತು. ನಾಳೆ ಅವರಿಗೆ ತೋರಿಸಿ ಎಂದು ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಇನ್ನೂ ಮೂವತ್ತು ಮನೆ ಬಾಕಿ ಇದ್ದವು. ಮೂರು ದಿನಕ್ಕೆ ಅವರು ಹೋದರು. ಮುಂದಿನ ಸರದಿಗೆ ಹೋದಾಗ ಮನೆಯಲ್ಲಿ ವಿಚಾರಿಸಿ, ಜ್ವರವಿಲ್ಲ, ಮುಪ್ಪು ಎಂದು ಬರೆದೆ. ಐವತ್ತೊಂದಕ್ಕೆ ಮುಪ್ಪಲ್ಲ ಎಂದು ನನಗೂ ಗೊತ್ತಿತ್ತು.

ಆಗ ಅದು ಹೃದಯದ ನೋವು ಎಂದು ನಿಜವಾಗಿ ತಿಳಿದಿರಲಿಲ್ಲ. ನಿನ್ನ ಪ್ರಶ್ನೆಗಳು ಬಂದವಲ್ಲ, ಏಳನೆಯದನ್ನು ಓದಿದಾಗ ತಿಳಿಯಿತು. ಕಾಗದ ಮಡಚಿ ಚೀಲದ ತಳಕ್ಕೆ ಹಾಕಿದೆ. ಸಂಕ ಮುರಿದಿದೆ ಎಂದು ಬರೆದದ್ದು ಅದಕ್ಕೆ. ಪ್ರೇಮಕ್ಕನವರ ಎದುರು ಕೂತಾಗಲೂ ಬಾಯಿಗೆ ಬಂತು, ಹೇಳಲಿಲ್ಲ. ಸುಳ್ಳು ಬರೆಯುವುದೂ ಆಗಲಿಲ್ಲ, ಅದಕ್ಕೆ ಏಳನೇ ಉತ್ತರದಲ್ಲಿ ನಿನ್ನ ತಂದೆ ಹೇಳಿದ್ದನ್ನೇ ಬರೆದೆ. ನೀನು ಹಿಡಿದೆ.

ನಾನು ಸೇರಿಸಿ ಬರೆದಿಲ್ಲ ಗಂಗಮ್ಮ. ಅದು ಅವರದೇ ಮಾತು. ತಾಯಿಯವರಿಗೆ ಹೇಳು: ತಪ್ಪು ಯಾರದ್ದಾದರೂ ಇದ್ದರೆ ನನ್ನದು. ಬೇಕಾದರೆ ಮೇಲಿನವರಿಗೂ ತಿಳಿಸು, ನಾನು ಸಹಿ ಹಾಕುತ್ತೇನೆ.

ನಿಜಾಮುದ್ದೀನ್


ಸಂಕದಗದ್ದೆ
30 ನವೆಂಬರ್ 1980

ನಿಜಾಮಣ್ಣನವರಿಗೆ

ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ನಾಲ್ಕು ದಿನ ಕಚೇರಿಯಲ್ಲಿ ನಿಮ್ಮ ಅಕ್ಷರದ ಕಟ್ಟುಗಳನ್ನು ಮುಟ್ಟಲಿಲ್ಲ. ಐದನೇ ದಿನ ಮೇಲಿನ ಕಟ್ಟು ಬಿಚ್ಚಿದೆ. ಒಬ್ಬ ಅಜ್ಜಿಯ ಬಗ್ಗೆ ಎರಡು ಪುಟ ಬರೆದಿದ್ದಿರಿ. ಇಷ್ಟು ತಾಳ್ಮೆಯಿಂದ ಕೇಳುವ ಮನುಷ್ಯ ಒಂದು ಕಾಲಕ್ಕೆ ಕೇಳಿಸಿಕೊಳ್ಳದೆ ಹೋದರೆ ಅದು ಅವರೊಬ್ಬರ ತಪ್ಪಲ್ಲ ಎನ್ನಿಸಿತು. ನಿಮಗೆ ಒಂದೇ ಪ್ರಶ್ನೆ ಕೊಟ್ಟು, ದಿನಕ್ಕೆ ಎಪ್ಪತ್ತು ಮನೆಗೆ ಓಡಿಸಿದವರು ನಮ್ಮಂಥ ಕಚೇರಿಯವರೇ. ಮೇಲಿನವರಿಗೆ ತಿಳಿಸುವುದು ಏನೂ ಇಲ್ಲ. ನೀವು ನನಗೆ ಅಣ್ಣನೇ.

ರಜೆ ಹಾಕಿ ಊರಿಗೆ ಬಂದು ಅವ್ವನಿಗೆ ಪತ್ರವನ್ನು ಪೂರ್ತಿ ಓದಿದೆ. ಈಗ ಅವ್ವ ಹೇಳುತ್ತಾರೆ, ನಾನು ಬರೆಯುತ್ತೇನೆ, ಒಂದು ಅಕ್ಷರವೂ ನನ್ನದಲ್ಲ.

ಸಾಬ್ರೆ, ನಾನು ಪ್ರೇಮಕ್ಕ. ನಿಮ್ಮ ಕಾಗದ ಮೂರು ಸಲ ಓದಿಸ್ಕೊಂಡೆ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ ಇಡೀ ಕಾಗದ ಬರ್ದಿದೀರಿ. ಮಗಳಿಗೆ ಅದೇ ಕೇಳ್ತು, ಸಿಟ್ಟು ಮಾಡ್ಕೊಂಡ್ಳು. ನಂಗೆ ಅದು ಅಷ್ಟಾಗಿ ಕೇಳ್ಲಿಲ್ಲ. ನಮ್ಮನೆಯವರು ಹೇಳಿದ್ರಲ್ಲ, ನಂಗೆ ಅದು ಕೇಳ್ತು.

ಆ ಮನುಷ್ಯ ಬೇರೆ ಮಾತಿಗೆ ಕೂತ್ರೆ ಕೊನೆ ಇರ್ಲಿಲ್ಲ, ತನ್ನ ನೋವಿನ ಮಾತಿಗೆ ಮಾತ್ರ ಬಾಯಿ ಬಿಡೋರಲ್ಲ. ಮೂರು ದಿನ ಒಬ್ಬರೇ ನುಂಗ್ಕೊಂಡು ಹೋದ್ರು ಅಂತ ಈ ವರ್ಷ ಪೂರ್ತಿ ನನ್ನ ಕೊರೀತಾ ಇತ್ತು. ಹಲಸಿನದ್ದಕ್ಕಿಂತ ಇದೇ ಹೆಚ್ಚಾಗಿತ್ತು ನೋಡಿ. ಒಬ್ಬರೇ ಅಲ್ಲ, ನಿಮ್ಮ ಹತ್ರ ಹೇಳ್ಕೊಂಡಿದ್ರು. ಹೇಳೋಕೆ ಒಬ್ರು ಇದ್ರು ಅವರಿಗೆ. ಆ ಹೊತ್ತಿಗೆ ನೀವು ಅಂಗಡಿ ಬಾಗ್ಲಿಗೆ ಬಂದ್ರಲ್ಲ, ನಿಮ್ಮ ಉಪಕಾರ ನಾನು ಸಾಯೋತನಕ ಮರೆಯಲ್ಲ.

ನಾನು ಹೆದರ್ತೀನಿ ಅಂದ್ರಂತೆ. ಹೌದು ಸಾಬ್ರೆ, ಹೆದರ್ತಿದ್ದೆ. ಅದಕ್ಕೆ ಹೇಳ್ಲಿಲ್ಲ ಅಂತ ಈಗ ಗೊತ್ತಾಯ್ತು. ನನ್ನ ಮೇಲೆ ಬೇಜಾರಾಗಿ ಅಲ್ಲ. ಇದು ಗೊತ್ತಾಗದೆ ಹೋಗಿದ್ರೆ ನಾನು ಹಂಗೇ ಹೋಗ್ತಿದ್ದೆ.

ನೀವು ತಪ್ಪಾಯ್ತು ಅಂತ ನನ್ನೆದುರು ತಲೆ ತಗ್ಗಿಸ್ಬೇಡಿ. ಆ ತಿಮ್ಮಪ್ಪನ ಹೆಂಡ್ತಿ ಅಡ್ಡ ಬಿದ್ಳಲ್ಲ, ಅವಳ ನಮಸ್ಕಾರ ಇಟ್ಕೊಳ್ಳಿ, ಅದು ನಿಮ್ಮದೇ.

ಸತ್ತೋರ ಬಾಯಿಂದ ಹೊಸ ಮಾತು ಬರಲ್ಲ ಅಂತ ತಿಳ್ಕೊಂಡಿದ್ದೆ. ಒಂಬತ್ತು ವರ್ಷ ಆದ್ಮೇಲೆ ನಂಗೆ ಅವರದ್ದೊಂದು ಮಾತು ಬಂತು. ನೀವು ಎರಡೇ ಸಾಲು ಬರ್ದಿದೀರಿ. ಅವರು ಎರಡು ಸಾಲಿಗೆ ಸುಮ್ಮನಾಗೋ ಜನ ಅಲ್ಲ, ಇನ್ನೂ ಹೇಳಿರ್ತಾರೆ. ಅಂಗಡೀಲಿ ಎಲ್ಲಿ ಕೂತಿದ್ರು, ಹೇಳುವಾಗ ನಗ್ತಿದ್ರಾ, ನಿಮ್ಮನ್ನ ಕಾಫಿಗೆ ಕರೆದ್ರಾ, ಎಲ್ಲ ನೆನಪು ಮಾಡ್ಕೊಳ್ಳಿ. ಶಕೀಲಾನ್ನೂ ಕರ್ಕೊಂಡು ಬುಧವಾರ ಬನ್ನಿ. ಬಂದು ಪೂರ್ತಿ ಹೇಳಿ.